ಮಗುವಿನ ತೂಕಕ್ಕೆ ಮಗುವೇ ಹೊಣೆಯೇ?

ನಾಮಕರಣಕ್ಕೆ ಹೋದವರು ತೊಟ್ಟಿಲ ಬಳಿ ನಿಂತು ಆಡುವ ಮೊದಲ ಮಾತು ಸಾಮಾನ್ಯವಾಗಿ ‘ಮಗು ಗುಂಡುಗುಂಡಾಗಿದೆ’ ಎಂಬುದೇ ಆಗಿರುತ್ತದೆ. ಅದು ಹೊಗಳಿಕೆ. ತಾಯಿಯ ಮುಖ ಅರಳುತ್ತದೆ. ಕಣ್ಣು ಬಿದ್ದೀತೆಂದು ಅಜ್ಜಿ ಮಗುವಿನ ಕೆನ್ನೆಗೊಂದು ದೃಷ್ಟಿಬೊಟ್ಟು ಇಡುತ್ತಾರೆ. ಅದೇ ಮಗುವಿಗೆ ಹತ್ತು ವರ್ಷ ತುಂಬುವ ಹೊತ್ತಿಗೆ, ಅದೇ ಬಂಧುಗಳು ಮದುವೆಮನೆಯ ಪಂಕ್ತಿಯಲ್ಲಿ ‘ಏನೋ ಡುಮ್ಮ, ಇನ್ನೊಂದು ಹೋಳಿಗೆ ಹಾಕಿಸ್ಲಾ?’ ಎಂದು ಕೇಳಿ ನಗುತ್ತಾರೆ. ಇಂಥ ಪಂಕ್ತಿಯಲ್ಲಿ ಕುಳಿತು ನಾನೂ ನಕ್ಕಿದ್ದೇನೆ. ಹಾಗೆ ನಾವು ಗೇಲಿ ಮಾಡಿದ ಹುಡುಗನೊಬ್ಬ ಮುಂದಿನ ಎರಡು ವರ್ಷ ನೆಂಟರ ಯಾವ ಸಮಾರಂಭಕ್ಕೂ ಬರಲಿಲ್ಲ. ‘ಅವನಿಗೆ ಪರೀಕ್ಷೆ ಇದೆ’ ಎಂದು ತಾಯಿ ಪ್ರತಿ ಸಲವೂ ಸಬೂಬು ಹೇಳುತ್ತಿದ್ದರು. ಆ ಸಬೂಬಿನ ಹಿಂದಿದ್ದುದು ನಮ್ಮ ನಗೆ ಎಂಬುದು ನನಗೆ ಅರ್ಥವಾಗುವ ವೇಳೆಗೆ ಹುಡುಗ ಆಟದ ಮೈದಾನದಿಂದಲೂ ದೂರ ಸರಿದು ಕೋಣೆ ಸೇರಿದ್ದ.

ಮಕ್ಕಳ ಬೊಜ್ಜಿನ ಕುರಿತು ನಾವು ನಡೆಸುವ ಚರ್ಚೆಯೆಲ್ಲ ಈ ಎರಡು ತುದಿಗಳ ನಡುವೆಯೇ ತೂಗಾಡುತ್ತಿದೆ. ಶಿಶುವಾಗಿದ್ದಾಗ ಅದು ಮನೆತನದ ಹೆಮ್ಮೆ. ಬೆಳೆದಾಗ ಮಗುವಿನ ದೌರ್ಬಲ್ಯ ಅಥವಾ ತಾಯಿಯ ಅಲಕ್ಷ್ಯ. ಎರಡೂ ಸಂದರ್ಭಗಳಲ್ಲಿ ವಿಷಯ ಮನೆಯ ಹೊಸಿಲು ದಾಟುವುದಿಲ್ಲ. ಆದರೆ ಈ ಸಮಸ್ಯೆಯ ಬೇರುಗಳಲ್ಲಿ ಬಹುಪಾಲು ಹೊಸಿಲಿನಾಚೆಗೇ ಇವೆ. ಅಂಗಡಿಯಲ್ಲಿ, ರಸ್ತೆಯಲ್ಲಿ, ಶಾಲೆಯ ವೇಳಾಪಟ್ಟಿಯಲ್ಲಿ, ಸರ್ಕಾರದ ತೆರಿಗೆ ಪಟ್ಟಿಯಲ್ಲಿ ಇವೆ ಎಂಬುದು ನನ್ನ ವಾದ.

ಮೊದಲು ಅಂಕಿಅಂಶಗಳನ್ನು ನೋಡೋಣ. ‘ಲ್ಯಾನ್ಸೆಟ್’ ವೈದ್ಯಕೀಯ ನಿಯತಕಾಲಿಕ 2024ರಲ್ಲಿ ಪ್ರಕಟಿಸಿದ ಜಾಗತಿಕ ಅಧ್ಯಯನದ ಪ್ರಕಾರ, ಭಾರತದಲ್ಲಿ 5ರಿಂದ 19 ವರ್ಷದೊಳಗಿನವರ ಪೈಕಿ ಬೊಜ್ಜುಳ್ಳವರ ಸಂಖ್ಯೆ 1990ರಲ್ಲಿ ಸುಮಾರು 4 ಲಕ್ಷವಿತ್ತು. 2022ರಲ್ಲಿ ಅದು 1.25 ಕೋಟಿಗೆ ಏರಿತ್ತು. ಹುಡುಗರಲ್ಲಿ ಶೇ 3.9, ಹುಡುಗಿಯರಲ್ಲಿ ಶೇ 3.1. ವಿಶ್ವಸಂಸ್ಥೆಯ ಮಕ್ಕಳ ನಿಧಿ ಯುನಿಸೆಫ್ 2025ರ ಸೆಪ್ಟೆಂಬರಿನಲ್ಲಿ ಬಿಡುಗಡೆ ಮಾಡಿದ ವರದಿ ಇನ್ನೊಂದು ಮಹತ್ವದ ತಿರುವನ್ನು ದಾಖಲಿಸಿತು. ಜಗತ್ತಿನಲ್ಲಿ ಇದೇ ಮೊದಲ ಬಾರಿಗೆ ಇದೇ ವಯೋಮಾನದ ಮಕ್ಕಳಲ್ಲಿ ಕಡಿಮೆ ತೂಕದವರಿಗಿಂತ (ಶೇ 9.2) ಬೊಜ್ಜುಳ್ಳವರೇ (ಶೇ 9.4) ಹೆಚ್ಚಾಗಿದ್ದರು. ಈ ಮಾತಿಗೆ ಅಪವಾದವಾಗಿ ಉಳಿದದ್ದು ಎರಡೇ ಪ್ರದೇಶಗಳು: ಸಹಾರಾದ ದಕ್ಷಿಣಕ್ಕಿರುವ ಆಫ್ರಿಕಾ ಮತ್ತು ನಾವಿರುವ ದಕ್ಷಿಣ ಏಷ್ಯಾ.

ಈ ಅಪವಾದವನ್ನು ಹಗುರವಾಗಿ ಪರಿಗಣಿಸುವಂತಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ (2019–21) ಪ್ರಕಾರ, ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ, ಶೇ 32.9ರಷ್ಟು ಮಂದಿಯ ತೂಕ ಕಡಿಮೆ. ಅತಿತೂಕದ ಮಕ್ಕಳು ಶೇ 3.2 ಮಾತ್ರ. ಹೀಗಿರುವಾಗ ‘ಹಸಿದ ಮಕ್ಕಳಿರುವ ನಾಡಿನಲ್ಲಿ ಉಳ್ಳವರ ಮನೆಯ ಮಕ್ಕಳ ಹೊಟ್ಟೆಯ ಬಗ್ಗೆ ಯಾಕೆ ತಲೆ ಕೆಡಿಸಿಕೊಳ್ಳಬೇಕು?’ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಇದಕ್ಕೆ ಉತ್ತರ ಕಂಡುಕೊಳ್ಳದೆ ಮುಂದೆ ಹೋಗುವುದು ಸರಿಯಲ್ಲ.

ಉತ್ತರದ ಒಂದು ಭಾಗ ನಮ್ಮ ಮೈಸೂರಿನಲ್ಲಿಯೇ ಇದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಅಂದರೆ ಹಳಬರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದಲೂ ಹುಟ್ಟಿದ ಶಿಶುಗಳ ತೂಕ ಮತ್ತು ಅಳತೆಗಳನ್ನು ಕಾದಿಟ್ಟಿದೆ. ಡಾ. ಜಿ.ವಿ. ಕೃಷ್ಣವೇಣಿ ಮತ್ತು ಅವರ ಸಹೋದ್ಯೋಗಿಗಳು ಅದೇ ಆಸ್ಪತ್ರೆಯಲ್ಲಿ 1990ರ ದಶಕದ ಕೊನೆಯಲ್ಲಿ ಹುಟ್ಟಿದ ಮಕ್ಕಳನ್ನು ವರ್ಷಾನುಗಟ್ಟಲೆ ಹಿಂಬಾಲಿಸಿ ಅಧ್ಯಯನ ನಡೆಸಿದರು. ಮೈಸೂರಿನ ಶಿಶುಗಳು ಬ್ರಿಟನ್ನಿನ ಶಿಶುಗಳಿಗಿಂತ ತೂಕದಲ್ಲಿಯೂ ಉದ್ದದಲ್ಲಿಯೂ ಚಿಕ್ಕವು; ಆದರೆ ಬೆನ್ನಿನ ಮೇಲ್ಭಾಗದಲ್ಲಿ ಚರ್ಮದಡಿಯ ಕೊಬ್ಬು ಮಾತ್ರ ಆ ಪ್ರಮಾಣದಲ್ಲಿ ಕಡಿಮೆಯಿರಲಿಲ್ಲ. ನಾಲ್ಕು ವರ್ಷವಾಗುವ ಹೊತ್ತಿಗೆ ಆ ಕೊಬ್ಬು ಅಲ್ಲಿನ ಮಕ್ಕಳಿಗಿಂತ ಇಲ್ಲಿನವರಲ್ಲೇ ಹೆಚ್ಚಾಗಿತ್ತು. ಪುಣೆಯಲ್ಲಿ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ಸಂಶೋಧನೆಯೂ ಇದನ್ನೇ ಹೇಳಿತು: ಭಾರತದ ಶಿಶು ನೋಟಕ್ಕೆ ತೆಳು, ಒಳಗೆ ಕೊಬ್ಬು.

ಯಾಜ್ಞಿಕ್ ಮತ್ತು ಅವರ ಬ್ರಿಟಿಷ್ ಮಿತ್ರ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ನಲ್ಲಿ ತಮ್ಮಿಬ್ಬರದೇ ಚಿತ್ರವನ್ನು ಅಕ್ಕಪಕ್ಕ ಇಟ್ಟು ಒಂದು ಪುಟ್ಟ ಟಿಪ್ಪಣಿ ಪ್ರಕಟಿಸಿದ್ದರು. ಎತ್ತರಕ್ಕೆ ತಕ್ಕ ತೂಕವನ್ನು ಸೂಚಿಸುವ ಬಿಎಂಐ ಇಬ್ಬರದೂ 22.3. ಆದರೆ ಯುಡ್ಕಿನ್ ದೇಹದಲ್ಲಿ ಕೊಬ್ಬಿನ ಪಾಲು ಶೇ 9.1, ಯಾಜ್ಞಿಕ್ ದೇಹದಲ್ಲಿ ಶೇ 21.2. ತಕ್ಕಡಿ ಇಬ್ಬರನ್ನೂ ಸಮವೆಂದಿತು, ದೇಹ ಹಾಗೆನ್ನಲಿಲ್ಲ. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ 2015ರಲ್ಲಿ ಹೊರತಂದ ಬೆಳವಣಿಗೆ ಪಟ್ಟಿಗಳಲ್ಲಿ ಅತಿತೂಕದ ಗೆರೆಯನ್ನು ವಯಸ್ಕರ ಬಿಎಂಐ 25ಕ್ಕೆ ಬದಲಾಗಿ 23ಕ್ಕೆ ಸಮನಾಗಿ ಎಳೆದದ್ದು ಈ ಕಾರಣಕ್ಕೇ.

ಇದರ ತಾತ್ಪರ್ಯವೇನು? ಗರ್ಭದಲ್ಲಿ ಮತ್ತು ಎಳವೆಯಲ್ಲಿ ಪೋಷಣೆ ಸಾಲದೆ ಬೆಳೆದ ದೇಹ, ಮುಂದೆ ಅಗ್ಗದ ಸಕ್ಕರೆ, ಎಣ್ಣೆ ಮತ್ತು ಮೈದಾದ ಮಳೆಗೆ ಸಿಕ್ಕಿದಾಗ ಬಹುಬೇಗ ಕೊಬ್ಬನ್ನು ಕೂಡಿಡುತ್ತದೆ. ಬಹುಬೇಗ ಮಧುಮೇಹದತ್ತ ಜಾರುತ್ತದೆ. ಕೇಂದ್ರ ಸರ್ಕಾರದ ಸಮಗ್ರ ರಾಷ್ಟ್ರೀಯ ಪೌಷ್ಟಿಕತೆ ಸಮೀಕ್ಷೆ (2016–18) ಶಾಲಾ ವಯಸ್ಸಿನ ಹಾಗೂ ಹದಿಹರೆಯದ ಮಕ್ಕಳಲ್ಲಿ ಸುಮಾರು ಶೇ 10ರಷ್ಟು ಮಂದಿ ಮಧುಮೇಹದ ಪೂರ್ವಸ್ಥಿತಿಯಲ್ಲಿರುವುದನ್ನು ಗುರುತಿಸಿತು. ಬೊಜ್ಜುಳ್ಳ ಮಕ್ಕಳ ಪ್ರಮಾಣಕ್ಕಿಂತ ಇದು ಎಷ್ಟೋ ಹೆಚ್ಚು. ಎಂದರೆ ದಪ್ಪಗೆ ಕಾಣದ ಮಕ್ಕಳೂ ಈ ಹತ್ತರಲ್ಲಿದ್ದಾರೆ. ಆದ್ದರಿಂದ ಬಡಕಲು ಮಗು ಮತ್ತು ಬೊಜ್ಜಿನ ಮಗು ಎರಡು ಬೇರೆ ದೇಶಗಳ ಪ್ರಜೆಗಳಲ್ಲ. ಅವು ಒಂದೇ ಅಪೌಷ್ಟಿಕತೆಯ ಎರಡು ಮುಖಗಳು. ಅನೇಕ ವೇಳೆ ಒಂದೇ ಮನೆಯಲ್ಲಿ, ಒಂದೇ ದೇಹದ ಎರಡು ಘಟ್ಟಗಳಲ್ಲಿ ಕಾಣಿಸಿಕೊಳ್ಳುವ ಮುಖಗಳು. ಅಂಗನವಾಡಿಯ ಮಗುವಿಗೆ ಇಂದು ಸರಿಯಾದ ಊಟ ಕೊಡುವುದು ಹಸಿವಿನ ವಿರುದ್ಧದ ಕೆಲಸವೆಂಬಷ್ಟೇ ಮಟ್ಟಿಗೆ ನಾಳಿನ ಮಧುಮೇಹದ ವಿರುದ್ಧದ ಕೆಲಸವೂ ಹೌದು.

ಈಗ ಹೊಣೆಗಾರಿಕೆಯ ಪ್ರಶ್ನೆಗೆ ಬರೋಣ. ‘ತಂದೆತಾಯಿ ಬಿಗಿಯಾಗಿದ್ದರೆ ಮಗು ಯಾಕೆ ಕಂಡದ್ದೆಲ್ಲ ತಿನ್ನುತ್ತದೆ?’ ಎಂಬುದು ನಮ್ಮ ಮಧ್ಯಮ ವರ್ಗದ ಮೆಚ್ಚಿನ ವಾದ. ಇದರಲ್ಲಿ ಸತ್ಯವಿಲ್ಲವೆಂದಲ್ಲ. ಟಿವಿಯ ಅಥವಾ ಮೊಬೈಲಿನ ಮುಂದೆ ಕೂರಿಸಿ ತುತ್ತು ಇಡುವುದು, ‘ಹಟ ಮಾಡದಿದ್ದರೆ ಚಾಕೊಲೇಟು’ ಎಂದು ಆಮಿಷ ಒಡ್ಡುವುದು ನಮ್ಮ ಮನೆಗಳಲ್ಲಿಯೇ ನಡೆಯುವ ಸಂಗತಿಗಳು. ಆದರೆ ಕೇವಲ 32 ವರ್ಷಗಳಲ್ಲಿ ಬೊಜ್ಜಿನ ಮಕ್ಕಳ ಸಂಖ್ಯೆ ಸುಮಾರು ಮೂವತ್ತು ಪಟ್ಟು ಹೆಚ್ಚಿದ್ದನ್ನು ಈ ವಾದ ವಿವರಿಸಲಾರದು. ಅಷ್ಟು ಅಲ್ಪಾವಧಿಯಲ್ಲಿ ಒಂದು ಜನಾಂಗದ ವಂಶವಾಹಿಗಳು ಬದಲಾಗುವುದಿಲ್ಲ. ತಾಯಂದಿರ ಪ್ರೀತಿ ಮೂವತ್ತರಲ್ಲೊಂದು ಪಾಲಿಗೆ ಇಳಿಯುವುದೂ ಇಲ್ಲ. ಬದಲಾದದ್ದು ಮಕ್ಕಳ ಸುತ್ತಲಿನ ಲೋಕ.

ಕರಿದ ತಿಂಡಿ, ಸಿಹಿತಿಂಡಿ ನಮಗೆ ಹೊಸತಲ್ಲ. ಗೋಕುಲಾಷ್ಟಮಿಗೆ ಚಕ್ಕುಲಿ, ಯುಗಾದಿಗೆ ಹೋಳಿಗೆ, ದೀಪಾವಳಿಗೆ ಕಜ್ಜಾಯ ಇದ್ದೇ ಇದ್ದವು. ಆದರೆ ಅವಕ್ಕೊಂದು ಪಂಚಾಂಗವಿತ್ತು. ಚಕ್ಕುಲಿ ಒತ್ತಲು ಮನೆಯ ಹೆಂಗಸರೆಲ್ಲ ಅರ್ಧ ದಿನ ಒಲೆಯ ಮುಂದೆ ಬೇಯಬೇಕಿತ್ತು. ಐದು ರೂಪಾಯಿಯ ಪೊಟ್ಟಣಕ್ಕೆ ಪಂಚಾಂಗವೂ ಇಲ್ಲ, ಬೇಯುವ ಕಷ್ಟವೂ ಇಲ್ಲ. ಬೆಳಗ್ಗೆ ಎಂಟಕ್ಕೆ ಮನೆ ಬಿಟ್ಟು ಬೆಂಗಳೂರಿನ ವಾಹನದಟ್ಟಣೆ ದಾಟಿ ರಾತ್ರಿ ಎಂಟಕ್ಕೆ ಮರಳುವ ತಾಯಿ ನೂಡಲ್ಸ್ ಬೇಯಿಸಿದರೆ ಅದು ಸೋಮಾರಿತನವಲ್ಲ. ಆಕೆಯ ಬಳಿ ಉಳಿದಿರುವ ಸಮಯವೇ ಅಷ್ಟು. ಜೊತೆಗೆ, ಮಗುವಿನ ಊಟದ ಹೊಣೆಯನ್ನು ತಾಯಿಯ ತಲೆಗೇ ಕಟ್ಟಿ, ತಂದೆಯನ್ನು ಪ್ರಶ್ನೆಯಿಂದಲೇ ಬಿಟ್ಟುಬಿಡುವುದು ನಮ್ಮ ಹಳೆಯ ಚಾಳಿ.

ಈ ಲೇಖನ ಬರೆಯುವ ಮುನ್ನ ನಮ್ಮ ಬಡಾವಣೆಯ ಶಾಲೆಯ ಬಳಿ ಒಂದು ಮಧ್ಯಾಹ್ನ ಹೋಗಿ ನಿಂತಿದ್ದೆ. ಮೂರೂವರೆಯ ಗಂಟೆ ಬಾರಿಸುತ್ತಲೇ ಮಕ್ಕಳ ಹಿಂಡು ಎದುರಿನ ಪೆಟ್ಟಿಗೆ ಅಂಗಡಿಗೆ ನುಗ್ಗಿತು. ತೋರಣದಂತೆ ಇಳಿಬಿದ್ದಿದ್ದ ಬಣ್ಣಬಣ್ಣದ ಪೊಟ್ಟಣಗಳು ಒಂದೊಂದಾಗಿ ಕಿತ್ತುಹೋದವು. ಶಾಲೆಯ ಗೇಟಿನಿಂದ ಅಂಗಡಿಗೆ ನಾನು ಹೆಜ್ಜೆ ಹಾಕಿ ಅಳೆದೆ: ಮೂವತ್ತೆರಡು ಹೆಜ್ಜೆ. ಗದ್ದಲ ಇಳಿದ ಮೇಲೆ ಅಂಗಡಿಯವರನ್ನು ಮಾತಿಗೆಳೆದೆ. ‘ಕಡ್ಲೆಕಾಯಿ, ಸೀಬೇಕಾಯಿ ಎಲ್ಲ ಇಟ್ಟು ನೋಡಿದ್ದೀನಿ ಸಾರ್. ಉಳಿದ್ರೆ ನಷ್ಟ ನಂದು. ಇದಾದ್ರೆ ಕಂಪನಿಯವ್ರೇ ಬಂದು ನೇತಾಕಿ ಹೋಗ್ತಾರೆ, ಕೆಡೋದೂ ಇಲ್ಲ’ ಎಂದರು. ಅವರ ಲೆಕ್ಕಾಚಾರದಲ್ಲಿ ತಪ್ಪು ಹುಡುಕುವುದು ಕಷ್ಟ.

ಆದರೆ ಕಾನೂನಿನ ಲೆಕ್ಕ ಬೇರೆಯೇ ಇದೆ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2020ರಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ, ಕೊಬ್ಬು, ಉಪ್ಪು ಅಥವಾ ಸಕ್ಕರೆ ಹೆಚ್ಚಿರುವ ತಿನಿಸುಗಳನ್ನು ಶಾಲೆಯ ಕ್ಯಾಂಟೀನಿನಲ್ಲಾಗಲೀ ಶಾಲಾ ಆವರಣದಿಂದ 50 ಮೀಟರ್ ವ್ಯಾಪ್ತಿಯಲ್ಲಾಗಲೀ ಮಕ್ಕಳಿಗೆ ಮಾರುವಂತಿಲ್ಲ. ಈ ನಿಯಮ ತಿಳಿದಿದೆಯೇ ಎಂದು ನಾನು ಕೇಳಿದ ಮೂವರು ಶಿಕ್ಷಕರಲ್ಲಿ ಯಾರಿಗೂ ಅದರ ಅರಿವಿರಲಿಲ್ಲ. ಸಿಬಿಎಸ್‌ಇ ಮಂಡಳಿ 2025ರ ಮೇ ತಿಂಗಳಲ್ಲಿ ತನ್ನ ಶಾಲೆಗಳಿಗೆ ‘ಸಕ್ಕರೆ ಫಲಕ’ ಹಾಕಲು ಸೂಚಿಸಿತು. ಯಾವ ತಿನಿಸಿನಲ್ಲಿ ಎಷ್ಟು ಸಕ್ಕರೆಯಿದೆ ಎಂದು ಮಕ್ಕಳಿಗೆ ತಿಳಿಸುವ ಈ ಕ್ರಮ ಸ್ವಾಗತಾರ್ಹ. ಆದರೆ ಗೋಡೆಯ ಮೇಲೆ ಫಲಕ, ಗೇಟಿನೆದುರು ತೋರಣ ಎಂದಾದರೆ ಗೆಲ್ಲುವುದು ಯಾವುದು ಎಂಬುದನ್ನು ಹೇಳಬೇಕಾಗಿಲ್ಲ.

ಪೊಟ್ಟಣದ ಮೇಲಿನ ಅಕ್ಷರಗಳ ಕಥೆಯೂ ಇದೇ. ಸಕ್ಕರೆ, ಉಪ್ಪು, ಕೊಬ್ಬು ಎಷ್ಟಿದೆಯೆಂಬ ವಿವರ ಹಿಂಬದಿಯಲ್ಲಿ ಇರುವೆಸಾಲಿನಂಥ ಇಂಗ್ಲಿಷ್ ಅಕ್ಷರಗಳಲ್ಲಿ ಇರುತ್ತದೆ; ಮುಂಬದಿಯಲ್ಲಿ ನಗುವ ಗೊಂಬೆ. ಮುಂಬದಿಯಲ್ಲಿ ನಕ್ಷತ್ರ ಕೊಡುವ ಕರಡು ಪ್ರಸ್ತಾವವನ್ನು ಪ್ರಾಧಿಕಾರ 2022ರಲ್ಲಿ ಮುಂದಿಟ್ಟಿತು. ನಕ್ಷತ್ರವೆಂಬುದು ಎಚ್ಚರಿಕೆಗಿಂತ ಬಹುಮಾನದಂತೆಯೇ ಕಾಣುತ್ತದೆ ಎಂದು ಆರೋಗ್ಯ ಕಾರ್ಯಕರ್ತರು ಆಕ್ಷೇಪಿಸಿದರು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, 2025ರ ಏಪ್ರಿಲ್‌ನಲ್ಲಿ ನ್ಯಾಯಾಲಯ ಮೂರು ತಿಂಗಳ ಗಡುವು ನೀಡಿತು. ಜುಲೈನಲ್ಲಿ ಆ ಗಡುವು ಮತ್ತೆ ಮೂರು ತಿಂಗಳು ವಿಸ್ತರಣೆಯಾಯಿತು. ಹಾಲಿಗೆ ಬೆರೆಸುವ ಪುಡಿಗಳು, ಪಾನೀಯಗಳನ್ನು ‘ಆರೋಗ್ಯ ಪೇಯ’ವೆಂಬ ವಿಭಾಗದಲ್ಲಿ ಮಾರಬಾರದೆಂದು ಕೇಂದ್ರ ವಾಣಿಜ್ಯ ಸಚಿವಾಲಯ ಇ–ವಾಣಿಜ್ಯ ಕಂಪನಿಗಳಿಗೆ ಸೂಚಿಸಿದ್ದು 2024ರ ಏಪ್ರಿಲ್‌ನಲ್ಲಿ. ಅಷ್ಟರಲ್ಲಿ ಆ ಪುಡಿಗಳನ್ನು ಶಕ್ತಿವರ್ಧಕವೆಂದೇ ನಂಬಿ ಕುಡಿದು ಎರಡು ತಲೆಮಾರು ಬೆಳೆದಾಗಿತ್ತು.

ತೆರಿಗೆಯ ವಿಷಯದಲ್ಲಂತೂ ನಮ್ಮ ನೀತಿ ತನಗೆ ತಾನೇ ಎದುರಾಡುತ್ತಿದೆ. ಪ್ರಧಾನಿಯವರು 2025ರ ಫೆಬ್ರುವರಿಯ ‘ಮನದ ಮಾತು’ ಕಾರ್ಯಕ್ರಮದಲ್ಲಿ ಬೊಜ್ಜಿನ ವಿರುದ್ಧ ಕರೆ ನೀಡಿ, ಅಡುಗೆ ಎಣ್ಣೆಯನ್ನು ಶೇ 10ರಷ್ಟು ಕಡಿಮೆ ಬಳಸುವಂತೆ ಮನವಿ ಮಾಡಿದರು. ಅದೇ ವರ್ಷದ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ಪರಿಷ್ಕರಣೆಯಲ್ಲಿ ಬಿಸ್ಕತ್ತು, ಚಾಕೊಲೇಟು, ಐಸ್‌ಕ್ರೀಮುಗಳ ಮೇಲಿನ ತೆರಿಗೆ ಶೇ 18ರಿಂದ 5ಕ್ಕೂ, ಕುರುಕಲು ತಿಂಡಿಗಳ ಮೇಲಿನದು ಶೇ 12ರಿಂದ 5ಕ್ಕೂ ಇಳಿಯಿತು. ಸಕ್ಕರೆ ಬೆರೆತ ಗಾಳಿತುಂಬಿದ ಪಾನೀಯಗಳಿಗೆ ಮಾತ್ರ ಶೇ 40ರ ದರ ಉಳಿಯಿತು. ಬಾದಾಮಿ, ಖರ್ಜೂರಗಳಿಗೂ ಶೇ 5, ಚಾಕೊಲೇಟಿಗೂ ಶೇ 5. ಜನಸಾಮಾನ್ಯರ ಖರ್ಚು ಇಳಿಸುವ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಮಕ್ಕಳ ಆರೋಗ್ಯ ಎಂಬ ಪ್ರಶ್ನೆ ಆ ದರಪಟ್ಟಿಯ ಮುಂದೆ ಬಂದೇ ಇಲ್ಲವೆಂಬಂತೆ ಕಾಣುತ್ತದೆ.

ತಿನ್ನುವುದು ಒಂದು ಬದಿಯಾದರೆ ಆಡುವುದು ಇನ್ನೊಂದು. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವಂತೆ ಚಟುವಟಿಕೆಯಿಂದಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ನಗರದ ಮಗು ಎಲ್ಲಿ ಬೆವರಬೇಕು? ಎಷ್ಟೋ ಖಾಸಗಿ ಶಾಲೆಗಳು ನಡೆಯುತ್ತಿರುವುದು ಎರಡು ನಿವೇಶನಗಳ ಮೇಲೆ ಎದ್ದ ಕಟ್ಟಡಗಳಲ್ಲಿ. ಪಠ್ಯ ಮುಗಿಯದಿದ್ದಾಗ ಗಣಿತದ ಮೇಷ್ಟ್ರು ಮೊದಲು ಕೈಹಾಕುವುದು ಪಿ.ಟಿ. ಪೀರಿಯಡ್ಡಿಗೇ. ಬಡಾವಣೆಯ ಉದ್ಯಾನದಲ್ಲಿ ಹಿರಿಯರು ನಡೆಯಲು ಕಲ್ಲುಹಾಸಿನ ದಾರಿಯಿದೆ. ಮಕ್ಕಳಿಗೆ ‘ಚೆಂಡಾಟ ನಿಷೇಧಿಸಲಾಗಿದೆ’ ಎಂಬ ಫಲಕವಿದೆ. ರಸ್ತೆ ವಾಹನಗಳ ಪಾಲಾಗಿದೆ. ಹುಡುಗಿಯರ ಪಾಡು ಇನ್ನೂ ಕಷ್ಟ. ದೊಡ್ಡವಳಾದಳೆಂಬ ಒಂದೇ ಕಾರಣಕ್ಕೆ ಅವಳ ಆಟ ಒಂದು ದಿನ ಥಟ್ಟನೆ ನಿಂತುಹೋಗುತ್ತದೆ. ಇಷ್ಟೆಲ್ಲ ಬಾಗಿಲುಗಳನ್ನು ಮುಚ್ಚಿದ ಮೇಲೆ ‘ಸದಾ ಮೊಬೈಲು ಹಿಡಿದು ಕೂತಿರುತ್ತದೆ’ ಎಂದು ಮಗುವನ್ನು ದೂರುವುದರಲ್ಲಿ ಅರ್ಥವಿಲ್ಲ.

ಇತರ ದೇಶಗಳು ಕೈಕಟ್ಟಿ ಕುಳಿತಿಲ್ಲ. ಮೆಕ್ಸಿಕೊ 2014ರಲ್ಲಿ ಸಿಹಿ ಪಾನೀಯಗಳ ಮೇಲೆ ತೆರಿಗೆ ಹಾಕಿತು. ಚಿಲಿ 2016ರಲ್ಲಿ ಸಕ್ಕರೆ, ಉಪ್ಪು, ಕೊಬ್ಬು ಹೆಚ್ಚಿರುವ ಪೊಟ್ಟಣಗಳ ಮುಂಬದಿಯಲ್ಲಿ ಕಪ್ಪು ಅಷ್ಟಕೋನದ ಎಚ್ಚರಿಕೆಯನ್ನು ಕಡ್ಡಾಯಗೊಳಿಸಿತು. ಅಂಥ ತಿನಿಸುಗಳನ್ನು ಶಾಲೆಗಳಲ್ಲಿ ಮಾರುವುದನ್ನೂ ನಿಷೇಧಿಸಿತು. ಬ್ರಿಟನ್ನಿನಲ್ಲಿ 2018ರಿಂದ ಪಾನೀಯದಲ್ಲಿರುವ ಸಕ್ಕರೆಯ ಪ್ರಮಾಣಕ್ಕೆ ತಕ್ಕಂತೆ ಸುಂಕವಿದೆ. ಅದರಿಂದ ಪಾರಾಗಲು ತಯಾರಕರು ತಾವಾಗಿಯೇ ಸಕ್ಕರೆ ತಗ್ಗಿಸಿದರು. ನಮ್ಮ ನೆರೆಯ ಕೇರಳ 2016ರಲ್ಲಿ ಬ್ರಾಂಡೆಡ್ ರೆಸ್ಟೊರೆಂಟುಗಳ ಬರ್ಗರ್, ಪಿಜ್ಜಾಗಳ ಮೇಲೆ ಶೇ 14.5ರ ‘ಕೊಬ್ಬು ತೆರಿಗೆ’ ವಿಧಿಸಿತ್ತು. ಮರುವರ್ಷ ಜಿಎಸ್‌ಟಿ ಬಂದಾಗ ಅದು ಅಳಿಸಿಹೋಯಿತು. ಈ ಕ್ರಮಗಳಿಂದಲೇ ಎಲ್ಲಿಯೂ ಬೊಜ್ಜು ಕರಗಿಹೋಗಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಆದರೆ ಮಾರಾಟವಾಗುವ ವಸ್ತುವನ್ನೂ ಕೊಳ್ಳುವವರ ಆಯ್ಕೆಯನ್ನೂ ಕಾನೂನು ಬದಲಿಸಬಲ್ಲದೆಂಬುದನ್ನು ಅವು ತೋರಿಸಿವೆ. ಗೇಲಿಯಿಂದ ಇಷ್ಟೂ ಸಾಧ್ಯವಾದ ಉದಾಹರಣೆ ನನಗೆ ತಿಳಿದಿಲ್ಲ. ಅವಮಾನಕ್ಕೊಳಗಾದ ಮಗು ಆಟ ಬಿಡುತ್ತದೆ, ಒಂಟಿಯಾಗುತ್ತದೆ, ಕದ್ದು ತಿನ್ನುತ್ತದೆ.

ಕರ್ನಾಟಕದ ಮಟ್ಟಿಗೆ ಹೇಳುವುದಾದರೆ, ನಮ್ಮ ಕೈಯಲ್ಲಿ ಈಗಾಗಲೇ ಒಂದು ದೊಡ್ಡ ಆಸ್ತಿಯಿದೆ. ಅದು ಸರ್ಕಾರಿ ಶಾಲೆಯ ಅಡುಗೆಮನೆ. ಸುಪ್ರೀಂ ಕೋರ್ಟಿನ 2001ರ ಆದೇಶದ ಬಳಿಕ ಆರಂಭವಾದ ಅಕ್ಷರ ದಾಸೋಹ, 2013ರಲ್ಲಿ ಬಂದ ಕ್ಷೀರಭಾಗ್ಯ, 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ವಾರಕ್ಕೆ ಆರು ದಿನಗಳಿಗೆ ವಿಸ್ತರಣೆಗೊಂಡ ಮೊಟ್ಟೆ ವಿತರಣೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು: ಇವೆಲ್ಲ ಹಸಿವು ನೀಗಿಸುವ ಯೋಜನೆಗಳೆಂದೇ ನಾವು ತಿಳಿದಿದ್ದೇವೆ. ಮಧ್ಯಾಹ್ನ ಸಾಲಾಗಿ ಕುಳಿತು ಬಿಸಿ ಅನ್ನ, ಬೇಳೆಸಾರು, ಮೊಟ್ಟೆ ಉಣ್ಣುವ ಸರ್ಕಾರಿ ಶಾಲೆಯ ಮಗುವಿನ ಊಟ, ಸಾವಿರಾರು ರೂಪಾಯಿ ಶುಲ್ಕ ಕಟ್ಟುವ ಶಾಲೆಯ ಮಗುವಿನ ಬಿಸ್ಕತ್ತಿನ ಡಬ್ಬಿಗಿಂತ ಉತ್ತಮ ಎಂಬುದನ್ನು ನಾವು ಸಂಕೋಚವಿಲ್ಲದೆ ಹೇಳಬೇಕು. ಆ ಅಡುಗೆಮನೆಯನ್ನು ಇನ್ನಷ್ಟು ಬಲಪಡಿಸಿ, ತರಕಾರಿ, ಕಾಳುಗಳ ಪಾಲು ಹೆಚ್ಚಿಸಬೇಕು. ಖಾಸಗಿ ಶಾಲೆಗಳೂ ತಮ್ಮ ಮಕ್ಕಳು ಏನು ತಿನ್ನುತ್ತಿದ್ದಾರೆಂದು ಗಮನಿಸಬೇಕು.

ಉಳಿದ ಕೆಲಸಗಳೂ ಅಸಾಧ್ಯವೇನಲ್ಲ. 50 ಮೀಟರಿನ ನಿಯಮವನ್ನು ಜಾರಿಗೊಳಿಸುವಾಗ ಪೆಟ್ಟಿಗೆ ಅಂಗಡಿಯವರ ಹೊಟ್ಟೆಯ ಮೇಲೆ ಹೊಡೆಯದೆ, ಕಡಲೆಕಾಯಿ, ಹಣ್ಣು, ಉಸಲಿ ಮಾರುವವರಿಗೆ ಸ್ಥಳೀಯ ಸಂಸ್ಥೆಗಳು ಪ್ರೋತ್ಸಾಹ ಕೊಡಲಿ. ಪಿ.ಟಿ. ಪೀರಿಯಡ್ಡು ಪಿ.ಟಿ.ಗೇ ಉಳಿಯಲಿ. ಸಂಜೆ ಬೀಗ ಬೀಳುವ ಶಾಲಾ ಮೈದಾನಗಳು ಸುತ್ತಲಿನ ಮಕ್ಕಳಿಗೆ ತೆರೆಯಲಿ. ವರ್ಷಕ್ಕೆರಡು ಬಾರಿ ಪ್ರತಿ ಮಗುವಿನ ಎತ್ತರ, ತೂಕ ಅಳೆಯಲಿ. ಆದರೆ ಆ ಅಂಕಿ ಪೋಷಕರ ಕೈಗೆ ಗುಟ್ಟಾಗಿ ತಲುಪಲಿ, ತರಗತಿಯ ಮುಂದೆ ಕೂಗುವ ಹಾಜರಿಯಾಗದಿರಲಿ.

ನಾನು ಮೇಲೆ ಹೇಳಿದ ಹುಡುಗ ಈಗ ಕಾಲೇಜಿನಲ್ಲಿದ್ದಾನೆ. ಕಳೆದ ವರ್ಷ ಒಂದು ಮದುವೆಯಲ್ಲಿ ಸಿಕ್ಕಿದ್ದ. ನನ್ನ ಪಕ್ಕದಲ್ಲಿಯೇ ಊಟಕ್ಕೆ ಕುಳಿತ. ಬಡಿಸುವವರು ಹೋಳಿಗೆ ತಂದಾಗ ಅವನು ಎಲೆಯ ಮೇಲೆ ಕೈ ಅಡ್ಡ ಹಿಡಿದು, ಒಮ್ಮೆ ಸುತ್ತಲಿದ್ದವರ ಮುಖಗಳನ್ನು ನೋಡಿದ. ಯಾರೂ ಏನೂ ಅನ್ನಲಿಲ್ಲ. ಆದರೂ ಅವನು ನೋಡಿದ. ಮಕ್ಕಳ ದೇಹದ ಮೇಲೆ ನಾವು ಹೊರಿಸುವ ಭಾರದಲ್ಲಿ ತಕ್ಕಡಿಗೆ ಸಿಗದ ಈ ಪಾಲೂ ಸೇರಿದೆ. ಅದನ್ನು ಇಳಿಸಲು ಯಾವ ಕಾಯಿದೆಗೂ ಕಾಯಬೇಕಾಗಿಲ್ಲ.